ಮೂರು ಕಾಲೇಜಿಗೆ ಒಂದು ವೈರು

ನಾನು ಸಿಂಧನೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳಾವ. ಇವತ್ತು ನಗಬಾರದು, ಕೆಲಸ ಮಾಡಬೇಕು ಅಂತ ದಿನಾ ಮುಂಜಾನೆ ಗಟ್ಟಿ ಮನಸ್ಸು ಮಾಡಿ ಬಾಗ್ಲ ತೆಗಿತೀನಿ. ಚಾ ಬರೋದ್ರೊಳಗ ಯಾರರೆ ಒಬ್ರು ಬಂದು ಆ ಮನಸ್ಸು ಕೆಡಿಸಿ ಹೋಗ್ತಾರ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ಕಾಲೇಜು ಕೂಡಿ ಸಂಶೋಧನೆಗಂತ ಒಂದು ಹೈಸ್ಪೀಡ್ ವೈರು ಎಳೆಸಿದ ಮ್ಯಾಲಂತೂ ನಗೋದ ನನ್ನ ಡ್ಯೂಟಿ ಆಗೇತಿ.

೧. ಯಾರ ಹೆಸರು ಮದ್ಲ?

ಹಕೀಕತ್ತು ಇಷ್ಟ. ದೊಡ್ಡ ಕಂಪ್ಯೂಟರ್ ನಮ್ಮ ಲ್ಯಾಬಿನಾಗ ಇರ್ತೈತಿ, ಉಳಿದ ಎರಡು ಕಾಲೇಜಿನವ್ರು ವೈರಿನಾಗ ತಮ್ಮ ಕೆಲಸ ಕಳಸಬೇಕು. ಇದಕ್ಕಂತ ಮೂರು ಪ್ರಿನ್ಸಿಪಾಲರು ಮೀಟಿಂಗ್ ಕುಂತ್ರು. ಮುಂಜಾನಿಂದ ಸಂಜಿತನಕ ಒಂದ ವಿಷಯ: ಬೋರ್ಡಿನ ಮ್ಯಾಲೆ ಯಾವ ಊರು ಮದ್ಲ?

"ಮಷೀನು ನಮ್ಮಲ್ಲೈತಿ, ನಮ್ಮದ ಮದ್ಲ" ಅಂದ್ರು ನಮ್ಮ ಸಾಹೇಬ್ರು.

"ಅಸಿಸ್ಟಂಟ್ ಕಮಿಷನರ್ ಆಫೀಸು ಯಾವೂರಾಗ ಐತ್ರಿ? ನಮ್ಮೂರಾಗ" ಅಂದ್ರು ಲಿಂಗಸುಗೂರಿನವ್ರು.

ಮಸ್ಕಿ ಸಾಹೇಬ್ರು ಸಾವಕಾಶ ಚಾ ಕುಡಿದು, ಕಪ್ಪು ಕೆಳಗಿಟ್ಟು ಅಂದ್ರು: "ಚಕ್ರವರ್ತಿ ತನ್ನ ಸುದ್ದಿ ಮಂದಿಗೆ ಮುಟ್ಟಸಾಕ ನಮ್ಮೂರ ಬಂಡೆಗಲ್ಲು ಹುಡುಕಿ ಶಾಸನ ಬರೆಸ್ಯಾನ. ಎರಡು ಸಾವಿರ ವರ್ಷ ಆತು, ಒಂದು ದಿನ ನೆಟ್‌ವರ್ಕ್ ಹೋಗಿಲ್ಲ."

೨. ದೂರ ಅನ್ನೋದ ಇಲ್ಲ

ಅಷ್ಟೆಲ್ಲಾ ಹೇಳಿದ್ರೂ ಮಸ್ಕಿ ಹೆಸರು ಮೂರನೇದಾತು. ಮಸ್ಕಿ ಸಾಹೇಬ್ರು ನಕ್ಕೋತ ಇನ್ನೊಂದು ಚಾ ತರಿಸಿದ್ರು. ನನಗ ಅದ ಹೆದರಿಕಿ ಆತು.

ವೈರು ಬಂತು, ನಾನ ಜೋಡಿಸಿ ನೋಡಿದೆ, ಚಲೋ ಓಡಾಕತ್ತಿತ್ತು. "ಸರ, ಇನ್ನ ಮೀಟಿಂಗಿಗೆ ಊರೂರು ತಿರುಗೋದು ಬ್ಯಾಡ. ಕುಂತಲ್ಲೇ ವಿಡಿಯೋದಾಗ ಮಾತಾಡಬಹುದು" ಅಂದೆ. ಮೂರೂ ಮಂದಿ ಭಾಳ ಖುಷಿಪಟ್ರು. ಖುಷಿಪಟ್ಟು, ವಿಡಿಯೋ ಮೀಟಿಂಗ್ ಮಾಡಾಕಂತ ಉಳಿದಿಬ್ರೂ ಜೀಪ್ ಹತ್ತಿ ಮಸ್ಕಿಗೆ ಬಂದ್ರು. ಯಾಕಂದ್ರ ಅದು ನಡುವಿನ ಊರು, ಮಂಡಕ್ಕಿ ಒಗ್ಗರಣಿ-ಮಿರ್ಚಿ ಚಲೋ ಸಿಗ್ತೈತಿ. ಒಂದ ಟೇಬಲ್ ಸುತ್ತ ಕುಂತು, ಮೂರು ಲ್ಯಾಪ್‌ಟಾಪ್ ತೆಗೆದು, ಒಬ್ರಿಗೊಬ್ರು ಕೈ ಬೀಸಿದ್ರು.

ಲಿಂಗಸುಗೂರಿನವ್ರು ಪರದೆ ನೋಡಿ ಬೆರಗಾಗಿ ಅಂದ್ರು: "ಆಹಾ, ಏನು ಕ್ಲಿಯರ್ರೀ! ನಿಮ್ಮ ಮೀಸಿಗೆ ಹತ್ತಿದ ಒಗ್ಗರಣಿ ಸೈತ ಕಾಣಾಕತ್ತೈತಿ."

೩. ಒಲಿ ಹಚ್ಚಬಾರದು

ಮಸ್ಕಿ ಕಾಲೇಜಿನಾಗ ಒಬ್ಬಾಕಿ ಸಂಶೋಧನಾ ವಿದ್ಯಾರ್ಥಿನಿ ಅದಾಳ, ತುರ್ವಿಹಾಳದಾಕಿ. ಭತ್ತದ ಎಲಿ ರೋಗ ಮುಂಚೇನ ಹ್ಯಾಂಗ ಗುರುತು ಹಿಡೀಬೇಕು ಅಂತ ಇಡೀ ಹಂಗಾಮು ಕೆಸರಾಗ ಇಳಿದು ಸಾವಿರಗಟ್ಟಲೆ ಫೋಟೋ ತೆಗೆದಾಳ. ಅವು ಶುಕ್ರವಾರ ಸಂಜಿ ಐದರೊಳಗ ನಮ್ಮ ಮಷೀನಿಗೆ ಬಂದ್ರ ಆಕಿ ಪಾಳಿ. ತಪ್ಪಿದ್ರ ಪಾಳಿ ಇನ್ನೊಬ್ರಿಗೆ, ಆಕಿ ವರ್ಷದ ದುಡಿಮಿ ನೀರಾಗ ಹೋದಂಗ.

ಸೋಮವಾರನ ಫೋನ್ ಮಾಡಿದ್ಲು. "ಅಣ್ಣಾರ, ವೈರು ತಯಾರೈತಲ್ರೀ, ಈಗ ಕಳಸ್ಲೇನ್ರೀ?"

ನಮ್ಮ ಸಾಹೇಬ್ರು ನನ್ನ ಕೈಯಿಂದ ಫೋನ್ ಕಸಗೊಂಡ್ರು. "ಶುಕ್ರವಾರ ಉದ್ಘಾಟನಾ ಐತಿ. ಅತಿಥಿಗಳು ಬಟನ್ ಒತ್ತಿದ ಮ್ಯಾಲೆ ನಿನ್ನ ಫೋಟೋನ ಮದ್ಲ ಬರಬೇಕು, ಮಂದಿ ಚಪ್ಪಾಳಿ ಹೊಡೀಬೇಕು. ಅಲ್ಲೀತನಕ ಯಾರೂ ಮುಟ್ಟಂಗಿಲ್ಲ."

"ಸರ, ಆಕಿ ವರ್ಷ ಹಾಳಾಗ್ತೈತ್ರೀ" ಅಂದೆ. ನನಗ ಸಿಟ್ಟು ನೆತ್ತಿಗೇರಿತ್ತು.

ಸಾಹೇಬ್ರು ವೈರು ಬಿಚ್ಚಿಸಿ, ಅರಿಶಿಣ ಕೊಂಬು ಕಟ್ಟಿ, ದೇವರ ಫೋಟೋದ ಮುಂದ ಇಟ್ಟು ಕೇಳಿದ್ರು: "ಗೃಹಪ್ರವೇಶ ಆಗದ ಮನ್ಯಾಗ ಯಾರರೆ ಒಲಿ ಹಚ್ಚತಾರೇನಲೇ?"

೪. ಹಸಿರು ಲೈಟು

ಶುಕ್ರವಾರ ಮುಂಜಾನೆ ಪೂಜಾ. ಈ ವೈರಿನಾಗ ಓಡೋದು ಬೆಳಕು. ತುದಿಗೆ ಒಂದು ಚೂರು ಧೂಳು ಕುಂತ್ರೂ ಮುಗೀತು. ಸಾಹೇಬ್ರು ಕಣ್ಣು ಮುಚ್ಚಿ, ಸರಿಯಾಗಿ ಆ ತುದಿಗೇ ಕುಂಕುಮ ಒತ್ತಿದ್ರು.

"ಅಯ್ಯೋ ಸರ, ಕುರುಡಾಗ್ತೈತ್ರೀ ಅದು!"

"ದೇವರ ಕುಂಕುಮಕ್ಕ ಯಾರೂ ಕುರುಡಾಗಂಗಿಲ್ಲ, ಸುಮ್ನಿರಲೇ."

ಅವ್ರು ಅತ್ಲಾಗ ಹೋಗಿದ್ದ ತಡ, ಸ್ಪಿರಿಟ್ ತಂದು ಒರಸಾಕ ಕುಂತೆ. ಮಧ್ಯಾಹ್ನತನಕ ಒರಸಿ ಒರಸಿ ಬೆರಳು ಸವೆದ್ವು. ಕಡೀಗೆ ವೈರು ಚುಚ್ಚಿದಾಗ ಮಷೀನಿನ ಲೈಟು ಹಸಿರಾತು. ಸಾಹೇಬ್ರು ಬಂದು ನೋಡಿ ನನ್ನ ಬೆನ್ನು ತಟ್ಟಿದ್ರು: "ನೋಡಿದೇನು? ಕುಂಕುಮ ಹಚ್ಚಿದ್ದಕ್ಕ ಹಸಿರಾತು."

೫. ನಿಂತ ಬಂದ್ವು

ಮೂರು ಗಂಟೆಕ್ಕ ಅತಿಥಿ ಬಂದು ಕುಂತ್ರು. ಅದ ಹೊತ್ತಿಗೆ ಹಸಿರು ಲೈಟು ಕೆಂಪಾತು. ಓಡಿಹೋಗಿ ಮಸ್ಕಿ ಹುಡುಗಿಗೆ ಫೋನ್ ಹಚ್ಚಿದೆ.

"ಅಣ್ಣಾರ, ನಮ್ಮ ಸಾಹೇಬ್ರು ಗೇಟಿನ ಹತ್ರ ತಮ್ಮದ ಒಂದು ಉದ್ಘಾಟನಾ ಕಲ್ಲು ನೆಡಸಾಕತ್ತಾರ್ರೀ. ಅದ್ರಾಗ ಮಸ್ಕಿ ಹೆಸರು ಮದ್ಲ ಐತಿ. ತೆಗ್ಗು ತೋಡುವಾಗ ಗುದ್ದಲಿ ವೈರಿಗೆ ಬಿತ್ರೀ."

"ವೈರು ತುಂಡಾತೇನು? ಸಾಹೇಬ್ರು ಏನಂತಾರವಾ?"

"ಕಲ್ಲು ಸೀದಾ ಕುಂತೈತಿ ಅಂತಾರ್ರೀ."

ಇತ್ಲಾಗ ಅತಿಥಿ ಬಟನ್ ಒತ್ತಿದ್ರು. ಪರದೆ ಕರ್ರಗ. ನಮ್ಮ ಸಾಹೇಬ್ರು ಬೆವರು ಒರಸಿಕೋತ ಲಿಂಗಸುಗೂರಿನವ್ರನ್ನ ಭಾಷಣಕ್ಕ ಎಬ್ಬಿಸಿದ್ರು. ಅವ್ರು "ಮೂರು ಊರಿನ ಸಹಕಾರ" ಅಂತ ಶುರು ಮಾಡಿದ್ರು, ನಿಲ್ಲಸಲಿಲ್ಲ. ನಾನು ಗಡಿಯಾರ ನೋಡಿ ನೋಡಿ ಹೈರಾಣಾದೆ. ಆ ಹುಡುಗಿ ವರ್ಷ ಕಣ್ಣೆದುರಿಗೇ ಮುಳುಗಾಕತ್ತಿತ್ತು.

ನಾಕೂವರಿಗೆ ಹಿಂದಿನ ಬಾಗ್ಲ ತೆರೀತು. ಬಸ್ ಸ್ಟ್ಯಾಂಡಿನಿಂದ ಓಡಿಕೋತ ಬಂದಾಳ, ಮೈಯೆಲ್ಲಾ ಬೆವರು, ಬುತ್ತಿ ಚೀಲದಾಗ ಹಾರ್ಡ್ ಡಿಸ್ಕು. ಡಿಸ್ಕು ಕಸಗೊಂಡು ಮಷೀನಿಗೆ ಚುಚ್ಚಿದೆ. ಐದಕ್ಕ ಹತ್ತು ನಿಮಿಷ ಇರೂವಾಗ ಕೊನೀ ಫೋಟೋನೂ ಮಷೀನಿನೊಳಗ ಹೋತು. ಸುಳ್ಳ್ಯಾಕ ಹೇಳ್ಲಿ, ನನ್ನ ಕಣ್ಣಾಗ ನೀರು ಬಂದ್ವು.

ಪರದೆ ತುಂಬ ಹಸಿರು ಎಲಿ. ಮಂದಿ ಚಪ್ಪಾಳಿ ಹೊಡೆದ್ರು, ಸಾಹೇಬ್ರು ಎದಿ ಉಬ್ಬಿಸಿದ್ರು. ಅತಿಥಿ ಆಕಿನ್ನ ಸ್ಟೇಜಿಗೆ ಕರೆದು ಮೈಕು ಕೊಟ್ರು. "ಮಸ್ಕಿಯಿಂದ ಇಷ್ಟೆಲ್ಲಾ ಬರಾಕ ಎಷ್ಟೊತ್ತು ಹಿಡೀತವಾ?"

ಸಾಹೇಬ್ರು ಹಿಂದಿನಿಂದ ಕಣ್ಣು ಮಿಟುಕಿಸಿದ್ರು. ಆಕಿ ನೋಡಲೇ ಇಲ್ಲ.

"ಒಂದು ತಾಸು ಹಿಡೀತ್ರೀ. ಸೀಟು ಸಿಗಲಿಲ್ಲ, ನಿಂತ ಬಂದ್ವು."

ಅತಿಥಿಗೆ ತಿಳೀಲಿಲ್ಲ. "ಮತ್ತ ಖರ್ಚು?"

"ಏನೂ ಇಲ್ರೀ. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಫ್ರೀ ಟಿಕೀಟು ಕೊಟ್ಟ."