ಸೈಟಮ್ಮ

ಚಲುವರಾಜುವಿನ ಮನೆ ಎದುರಿಗೆ ಒಂದು ಖಾಲಿ ಸೈಟಿತ್ತು. ಖಾಲಿ ಅನ್ನುವುದು ಬಾಯಿಮಾತಿಗೆ. ಪಾಂಡವಪುರದ ಆ ಬೀದಿಯವರಿಗೆ ಕಸದ ಆಟೊ ಹಾಡು ಹಾಕಿಕೊಂಡು ಬಂದಾಗ ನಿದ್ದೆ, ಅದು ಹೋದಮೇಲೆ ಕಸದ ನೆನಪು. ಎಲ್ಲರ ಕಸವೂ ಸೈಟಿಗೇ. ಅದರಲ್ಲೂ ಪಕ್ಕದ ಮನೆಯ ಚಿಕ್ಕಬೋರಮ್ಮ ಬಕೀಟು ಬೀಸಿದರೆ ಗುರಿ ತಪ್ಪಿದ್ದೇ ಇಲ್ಲ.

ಅವತ್ತು ಮಾತ್ರ ಇದು ನಡೆಯುವಂತಿರಲಿಲ್ಲ. ಮಗಳು ಮೇಘನಳನ್ನು ನೋಡಲು ಮಧ್ಯಾಹ್ನ ಕೆ.ಆರ್. ಪೇಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಅವಳ ಜೊತೆ ಓದಿದವನು, ಇಬ್ಬರಿಗೂ ಮನಸ್ಸಿತ್ತು, ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೆ ಏನು ಗತಿ? ಚಲುವರಾಜು ಪುರಸಭೆಯವರ ಕೈಕಾಲು ಹಿಡಿದು ನಸುಕಿನಲ್ಲೇ ಟ್ರಾಕ್ಟರು ತರಿಸಿ ಸೈಟಿನ ಕಸವನ್ನೆಲ್ಲ ಬಳಿಸಿದ. ಆಟೊಗೆ ಏಳದ ಬೀದಿ ಟ್ರಾಕ್ಟರಿಗೂ ಏಳಲಿಲ್ಲ. ಆದರೆ ಬಳಿಸಿದ ಜಾಗ ಮಧ್ಯಾಹ್ನದವರೆಗೆ ಉಳಿಯಬೇಕಲ್ಲ? ಹಿತ್ತಲಿನ ಒರಳುಕಲ್ಲಿನ ಗುಂಡನ್ನು ಹೊತ್ತು ತಂದು ಸೈಟಿನಲ್ಲಿ ನಿಲ್ಲಿಸಿ, ಅರಿಶಿನ ಬಳಿದು, ಕುಂಕುಮವಿಟ್ಟು, ದಾಸವಾಳ ಮುಡಿಸಿ, ಏನೂ ಅರಿಯದವನಂತೆ ಜಗುಲಿಯಲ್ಲಿ ಕೂತ.

ಚಿಕ್ಕಬೋರಮ್ಮ ಬಕೀಟು ಹಿಡಿದು ಬಂದಳು. ಎತ್ತಿದ ಕೈ ಅಲ್ಲೇ ನಿಂತಿತು. ಕೆನ್ನೆ ಬಡಿದುಕೊಂಡು ಬಕೀಟಿನ ಸಮೇತ ಮನೆಗೆ ಓಡಿದಳು. ಚಲುವರಾಜು ಒಳಗೊಳಗೇ ಬೀಗಿದ. ಅಷ್ಟರಲ್ಲಿ ಹೆಂಡತಿ ಪ್ರಮೀಳಾ ಬಂದು, ವಡೆಗೆ ರುಬ್ಬಬೇಕು, ಗುಂಡು ಎಲ್ಲಿ ಎಂದು ಕೇಳಿದಳು. ಮಿಕ್ಸಿಗೇನು ರೋಗ ಎಂದು ಗದರಿ ಕಳಿಸಿದ.

ಚಿಕ್ಕಬೋರಮ್ಮ ತಲೆಗೆ ನೀರು ಹಾಕಿಕೊಂಡು ಗಂಧದಕಡ್ಡಿ ಹಿಡಿದು ಬಂದಳು. ಹಿಂದೆಯೇ ಇಡೀ ಬೀದಿ ಬಂತು. ರಾತ್ರಿ ಇದ್ದ ತಿಪ್ಪೆ ಬೆಳಗಾಗುವಷ್ಟರಲ್ಲಿ ಮಾಯವಾಗಿದೆ ಎಂದಮೇಲೆ ಅಮ್ಮನ ಮಹಿಮೆಗೆ ಇನ್ನೇನು ಸಾಕ್ಷಿ ಬೇಕು? ಸೈಟಮ್ಮ ಎಂದು ಹೆಸರೂ ಬಿತ್ತು. ಕಾಯಿ ಒಡೆದರು, ತಂಬಿಟ್ಟು ತಂದರು, ಪುಳಿಯೋಗರೆ ಹಂಚಿದರು. ತಿಂದ ದೊನ್ನೆಗಳೆಲ್ಲ ಸೈಟಿಗೇ ಬಿದ್ದವು. ಚಲುವರಾಜು ಬಾಚಿಕೊಂಡು, ಊರು ಸುತ್ತಿ ವಾಪಸ್ಸು ಹೊರಟಿದ್ದ ಕಸದ ಆಟೊದತ್ತ ಓಡಿದರೆ, ದೇವರ ಪ್ರಸಾದದ ಎಲೆಯನ್ನು ಕಸಕ್ಕೆ ಹಾಕಿ ಪಾಪ ಕಟ್ಟಿಕೊಳ್ಳಲಾರೆ ಎಂದು ಆಟೊದವಳು ಹೊರಟೇಹೋದಳು.

ಗಂಡಿನ ತಂದೆ ಚಿಕ್ಕಸ್ವಾಮಿ ಕಾರಿನಿಂದ ಇಳಿದ. ಮೂಗು ಮುಚ್ಚಲಿಲ್ಲ, ಕೈಮುಗಿದ. ಕಲ್ಲು ನೋಡಿದ, ಚಲುವರಾಜುವಿನ ಬಾಗಿಲು ನೋಡಿದ, ಮತ್ತೆ ಕಲ್ಲು ನೋಡಿದ.

"ಅಮ್ಮನ ದೃಷ್ಟಿ ಸೀದಾ ನಿಮ್ ಬಾಗ್ಲಿಗೇ ಬೀಳ್ತದಲ್ಲಪ್ಪ. ಗುಡಿ ಎದುರ್ಗಿನ ಮನೆ ಹೆಣ್ಣು ನಮ್ಗೆ ಆಗಿಬರಾಕಿಲ್ಲ."

"ಗುಡಿ ಅಲ್ಲ ಕಣಣ್ಣ, ಅದು ತಿಪ್ಪೆ. ನನ್ನಾಣೆಗೂ ತಿಪ್ಪೆ ಕಣಣ್ಣ."

ಬೆಳಗ್ಗೆಯಿಂದ ತಿಪ್ಪೆ ಮುಚ್ಚಿಡಲು ಹೆಣಗಿದವನು ಈಗ ಅದು ತಿಪ್ಪೆಯೇ ಎಂದು ಗೋಗರೆಯುತ್ತಿದ್ದ. ವರ್ಷಗಟ್ಟಲೆ ಕಸ ಸುರಿದವರೆಲ್ಲ, ಇಲ್ಲಿ ಒಂದು ಕಡ್ಡಿಯನ್ನೂ ಕಂಡವರಲ್ಲ ಎಂದು ತಲೆಯಾಡಿಸಿದರು. ಬಾಗಿಲಲ್ಲಿ ನಿಂತ ಮೇಘನಳ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಮಾನ ಹೋದರೆ ಹೋಗಲಿ ಎಂದು ಎಲ್ಲ ಒಪ್ಪಿಕೊಂಡ. ಅದು ತಮ್ಮ ಒರಳಿನ ಗುಂಡು, ತಾನೇ ಇಟ್ಟದ್ದು ಎಂದು ಹೇಳಿ ಹೆಂಡತಿಯನ್ನು ಕರೆದ.

ಪ್ರಮೀಳಾ ಅರಿಶಿನ ಕೆರೆದು ನೋಡಿದಳು. "ಊಂ, ನಮ್ದೇಯ. ನೆನ್ನೆ ಇದ್ರಲ್ಲೇ ಚಟ್ನಿ ರುಬ್ಬಿದ್ದೆ."

ಚಿಕ್ಕಸ್ವಾಮಿ ನಕ್ಕು ಜಗುಲಿಗೆ ಕಾಲೆತ್ತಿದ. ಚಲುವರಾಜುವಿಗೆ ಹೋದ ಜೀವ ಬಂತು. ಆಗ ಚಿಕ್ಕಬೋರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಪಾಪಿಗಳಾ, ಇಷ್ಟ್ ದಿನ ಅಮ್ಮನ್ನ ಮನೇಲಿ ಮಡಿಕ್ಕಂಡು ಚಟ್ನಿ ರುಬ್ಬುದ್ರಾ?"

ಎತ್ತಿದ ಕಾಲು ಹಿಂದಕ್ಕೆ ಹೋಯಿತು. ಚಿಕ್ಕಸ್ವಾಮಿ ಕೋಪ ಮಾಡಲಿಲ್ಲ. ಹುಡುಗಿ ಒಪ್ಪಿಗೆಯೇ, ಆದರೆ ಒಂದು ವರ್ಷ ಅಮ್ಮನ ಸೇವೆ ಮಾಡಿ ದೋಷ ಕಳೆದುಕೊಳ್ಳಿ, ಆಮೇಲೆ ಮಾತಾಡೋಣ ಎಂದು ಸಮಾಧಾನ ಹೇಳಿ ಕಾರು ಹತ್ತಿದ. ಪ್ರಸಾದದ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಿಂದ ಸೈಟಿಗೆ ಎಸೆದ.

ಮೇಘನ ಒಳಗಿನಿಂದ ಪೊರಕೆ ತಂದು ಅಪ್ಪನ ಕೈಗೆ ಕೊಟ್ಟಳು.

"ಒಂದೊರ್ಸ ಕಣಪ್ಪ. ದಿನಾ ಗುಡ್ಸು."