ಹನ್ನೆರಡು ತಿಂಗಳ ಗಬ್ಬ

ನಮ್ಮ ಕಾಕಾ ಆಕಳನ್ನು ಒಮ್ಮೆ ನೋಡಿದರೆ ಸಾಕು, ಅದು ಗಬ್ಬವಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಮುಟ್ಟುವುದು ಬೇಡ, ಹತ್ತಿರ ಹೋಗುವುದೂ ಬೇಡ! ಆದರೆ ಚಿಗವ್ವ ಅವರ ಜೊತೆ ಮಾತು ಬಿಟ್ಟು ಎರಡು ದಿನವಾಗಿದೆ ಎಂಬುದು ಅವರಿಗೆ ಗೊತ್ತಾಗುವುದು ಮೂರನೆಯ ದಿನ, ಅದೂ ಚಹಾಕ್ಕೆ ಸಕ್ಕರೆ ಬೀಳದಿದ್ದಾಗ. ಒಬ್ಬ ಮನುಷ್ಯನಿಗೆ ಎಲ್ಲ ವಿದ್ಯೆಯೂ ಒಲಿಯಬೇಕೆಂದರೆ ಹೇಗೆ?

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಚಿಗವ್ವ ಅವರ ಹೆಂಡತಿ. ಹೆಡ್‌ಮಾಸ್ತರರಾಗಿ ರಿಟೈರ್ ಆಗಿ ಗೊಳಸಂಗಿಯ ಮನೆಯಲ್ಲಿದ್ದಾರೆ. ನಾನು ಬಾಗೇವಾಡಿಯಲ್ಲಿ ಟೀಚರ್. ರವಿವಾರ ಬಂತೆಂದರೆ ಚಿಗವ್ವನ ಕೈಯ ಬಿಸಿ ರೊಟ್ಟಿಗಾಗಿ ಅಲ್ಲಿಗೆ ಓಡುತ್ತೇನೆ. ರೊಟ್ಟಿಯ ಜೊತೆ ಕಾಕಾನ ಗಬ್ಬಪುರಾಣ ಪುಕ್ಕಟೆ.

ಒಮ್ಮೆ ಅವರ ಜೊತೆ ಮುದ್ದೇಬಿಹಾಳದ ಬಸ್ಸು ಹತ್ತಿದ್ದೆ. ಕಿಟಕಿಯ ಪಕ್ಕ ಕೂತವರು ಹೊಲದ ಬದುವಿನಲ್ಲಿ ಮೇಯುವ ಒಂದೊಂದು ಆಕಳಿಗೂ ರಿಸಲ್ಟ್ ಕೊಡತೊಡಗಿದರು. "ಆ ಕೆಂದ ಆಕಳ ಮೂರ ತಿಂಗಳ. ಅದರ ಬಾಜೂದ್ದು ಖಾಲಿ." ಅಷ್ಟರಲ್ಲಿ ಕಂಡಕ್ಟರ್ ಬಂದ.

"ಸರ, ಎಲ್ಲಿತನಕರಿ?"

"ಏಳ ತಿಂಗಳ! ಇನ್ನೆರಡ ತಿಂಗಳಿಗೆ ಈಯ್ತೈತಿ ನೋಡು!"

ಕಂಡಕ್ಟರ್ ಗಾಬರಿಯಾಗಿ ನನ್ನ ಹೊಟ್ಟೆಯ ಕಡೆ ನೋಡಿದ. ನಾನು ಬ್ಯಾಗನ್ನು ಅಡ್ಡ ಹಿಡಿದು, "ಮುದ್ದೇಬಿಹಾಳಕ್ಕ ಒಂದ ಫುಲ್ಲು, ಒಂದ ಫ್ರೀ ಕೊಡ್ರಿ" ಎಂದೆ. ಉಳಿದ ದಾರಿಯುದ್ದಕ್ಕೂ ನನಗೆ ಸೀಟು ಸರಿಯಾಗಿದೆಯೇ ಎಂದು ಆತ ಎರಡು ಸಲ ವಿಚಾರಿಸಿದ. ಒಳ್ಳೆಯ ಮನುಷ್ಯ ಪಾಪ!

ಇದು ಕಣ್ಣಿನ ಪರೀಕ್ಷೆಯಾಯಿತು. ಮನೆಯ ಆಕಳಿಗಾದರೆ ಪ್ರಾಕ್ಟಿಕಲ್ ಕೂಡ ಉಂಟು. ಆಕಳ ಮೂತ್ರಕ್ಕೆ ನೀರು ಬೆರೆಸಿ ಅದರಲ್ಲಿ ಗೋಧಿ ನೆನೆಹಾಕುವುದು. ಮೊಳಕೆ ಬಂದರೆ ಖಾಲಿ, ಬರದಿದ್ದರೆ ಗಬ್ಬ. ಒಂದು ಸಲ ಈ ಬಟ್ಟಲನ್ನು ಕಾಕಾ ಎಲ್ಲಿಟ್ಟರು ಅಂದಿರಿ? ಅಡಿಗೆಮನೆಯ ಕಿಟಕಿಯಲ್ಲಿ! ಬೆಳಿಗ್ಗೆ ಚಷ್ಮಾ ಇಲ್ಲದೆ ಹೋಗಿ ನೋಡಿದರು, ಬಟ್ಟಲ ತುಂಬ ಬೆಳ್ಳಗೆ ಮೊಳಕೆ. ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದು, "ಫೇಲ್" ಎಂದರು. ಹಿಂದೆಯೇ ಚಿಗವ್ವನ ದನಿ ಬಂತು: "ಪಲ್ಯಾಕ್ಕ ಇಟ್ಟ ಮಡಕಿಕಾಳಿಗೆ ಯಾಕ್ರಿ ಕೈ ಹಾಕೀರಿ? ನಿಮ್ಮ ಗೋಧಿ ಆ ಕಡೆ ಐತಿ!" ಅಂದಿನಿಂದ ಆ ಮನೆಯಲ್ಲಿ ಕಾಳಿನ ಪಲ್ಯ ಹಾಕಿಸಿಕೊಳ್ಳುವ ಮೊದಲು ನಾನು ಯಾವ ಬಟ್ಟಲಿನದು ಎಂದು ಕೇಳಿಯೇ ಕೇಳುತ್ತೇನೆ.

ಇದೆಲ್ಲಕ್ಕೂ ಮಿಗಿಲಾದದ್ದು ಅವರ ಹಾಜರಿ ಪುಸ್ತಕ. ಗಬ್ಬದ ಇಂಜೆಕ್ಷನ್ ಕೊಡಿಸಿದ ಆಕಳು ಸುಮಾರು ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲವೆಂದು ಅರ್ಥ. ಆ ದಿನಗಳು ಹತ್ತಿರ ಬಂದವೋ, ಕಾಕಾ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ತೆರೆದು ಕೂರುತ್ತಾರೆ. ಬಾಲಕ್ಕೆ ಲೋಳೆ ಅಂಟಿ ಬೆದೆಗೆ ಬಂದದ್ದು ಕಂಡರೆ 'ಹಾಜರ್', ಇಲ್ಲದಿದ್ದರೆ 'ಗೈರು'. "ನನ್ನ ಸರ್ವಿಸಿನ್ಯಾಗ ಗೈರ ಉಳದು ಪಾಸ್ ಆಗೂ ವಿದ್ಯಾರ್ಥಿ ಅಂದ್ರ ಆಕಳ ಒಂದ!" ಎಂದು ಅವರು ಹೇಳುವಾಗ ನಗುವುದು ನಮ್ಮ ಕರ್ತವ್ಯ.

ನಗಲಿ ಬಿಡಲಿ, ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಡಾಕ್ಟರ್ ಬಂದು ಹೇಳಿಹೋದ ಮೇಲೂ ಊರವರು "ಸರ ಏನಂದ್ರು?" ಎಂದು ಕೇಳುತ್ತಿದ್ದರು. ಈ ಮರ್ಯಾದೆಯನ್ನು ಕಾಕಾ ಪೆನ್ಶನ್ನಿಗಿಂತ ಹೆಚ್ಚು ಜೋಪಾನ ಮಾಡಿದ್ದರು.

ಹಿಂಗಿರುವಾಗ ಬಂತು ನೋಡಿ ತಂಗಡಗಿಯ ಪಾಳಿ. ತಂಗಡಗಿ ಎಂದರೆ ಚಿಗವ್ವನ ತವರೂರು. ಅಲ್ಲಿಂದ ಬಂದದ್ದಕ್ಕೆ ಆಕಳಿಗೂ ಅದೇ ಹೆಸರು ಬಿದ್ದಿತ್ತು. ತಾಯಿ ತೀರಿಕೊಂಡಾಗ ಚಿಗವ್ವ ತವರಿನಿಂದ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ತಾಯಿ ಕೊನೆಯ ದಿನಗಳವರೆಗೂ ಕೈಯಾರೆ ಮೇವು ತಿನ್ನಿಸಿದ ಈ ಕರುವನ್ನು ಕೇಳಿ ತಂದಿದ್ದಳು. ಬೆಳೆದು ದೊಡ್ಡದಾದ ಆ ಆಕಳಿಗೆ ಎರಡು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ. ಮನೆಯ ಒಕ್ಕಲುತನ ನೋಡಿಕೊಳ್ಳುವ ಕಾಕಾನ ಮಗ ಖಡಾಖಂಡಿತ ಹೇಳಿಬಿಟ್ಟ: "ಮೂರನೇದ್ದು ಕಡೀದು. ಈ ಸಲ ಮತ್ತ ಬೆದಿಗೆ ಬಂತಂದ್ರ ಸಂತಿಗೆ ಹೊಡಕೊಂಡ ಹೋಗವನ ನಾನು."

ಚಿಗವ್ವ ಎದ್ದು ಕೊಟ್ಟಿಗೆಗೆ ಹೋದಳು. ಕಾಕಾ ಮೂರನೆಯ ಇಂಜೆಕ್ಷನ್ ಕೊಡಿಸಿ ಕುರ್ಚಿ ಹಾಕಿಕೊಂಡು ಕೂತರು. ಇಪ್ಪತ್ತೊಂದನೆಯ ದಿನ ಗೈರು. ನಲವತ್ತೆರಡನೆಯ ದಿನದ ಹೊತ್ತಿಗೂ ಗೈರು. ಮೂರನೆಯ ಬಾರಿಯೂ ಗೈರು! "ಗಬ್ಬ ನಿಂತೈತಿ, ಬರಕೋರಿ" ಎಂದು ಊರೆಲ್ಲ ಸಾರಿದರು. ನಡುವೆ ಒಂದೆರಡು ದಿನ ಆಕಳು ಒದರಿದಾಗ, "ಹಸಿವ್ಯಾಗೇತ್ರಿ ಅದಕ್ಕ" ಎಂದು ಚಿಗವ್ವ ಮೇವು ಹಾಕಿದ್ದಳು.

ಎರಡೂವರೆ ತಿಂಗಳಾದ ಮೇಲೆ ಒಂದು ರವಿವಾರ ಡಾಕ್ಟರ್ ಬಂದರು. ನಾನೂ ಅಲ್ಲಿಯೇ ಇದ್ದೆ. ಉದ್ದನೆಯ ಗ್ಲೋವ್ ಹಾಕಿಕೊಂಡು, ಕೈಯಾಡಿಸಿ ನೋಡಿ, ಮೆಲ್ಲಗೆ ಹೇಳಿದರು: "ಖಾಲಿ ಐತ್ರಿ ಸರ."

"ಸಾಧ್ಯನ ಇಲ್ಲ!" ಕಾಕಾ ಪುಸ್ತಕ ಬಿಚ್ಚಿದರು. "ಮೂರ ಸಲ ಗೈರ ಐತಿ, ನೋಡ್ರಿಲ್ಲೆ!"

"ಆಕಳ ಚಲೋ ಐತ್ರಿ. ಬೆದಿಗೆ ಬಂದಿರ್ತೈತಿ, ನೀವು ನೋಡಿರಲಿಕ್ಕಿಲ್ಲ. ಬರೂ ಸಲ ಟೈಮಿಗೆ ಸರಿಯಾಗಿ ಕರೀರಿ, ನಿಲ್ತೈತಿ."

"ನಾ ನೋಡಿಲ್ಲ? ನಾನು?" ಎಂದು ಏರಿದ ಕಾಕಾನ ದನಿ ಅರ್ಧಕ್ಕೇ ನಿಂತಿತು. ಕೊಟ್ಟಿಗೆಯ ಬಾಗಿಲಲ್ಲಿ ಚಿಗವ್ವ ಸೆರಗು ಹಿಂಡುತ್ತ ನಿಂತಿದ್ದಳು.

"ನಸುಕಿನ್ಯಾಗ ಎದ್ದು ನಾನ ಬಾಲ ತೊಳೀತಿದ್ನಿರಿ. ನೀವು ಪುಸ್ತಕ ತಗೊಂಡು ಬರೂದ್ರಾಗ ಎಲ್ಲಾ ಒರಸಿ ಇಡ್ತಿದ್ನಿ. ಹಾಜರ್ ಅಂತ ಬರದ್ರ ಸಂತಿಗೆ ಒಯ್ತಾನ ಅಂತ…"

ಬೇರೆ ದಿನವಾಗಿದ್ದರೆ, ಮೂರು ಬೆದೆ ವ್ಯರ್ಥ ಮಾಡಿದ ತಪ್ಪಿಗೆ ಕಾಕಾ ಒಂದು ತಾಸು ಭಾಷಣ ಬಿಗಿಯುತ್ತಿದ್ದರು. ಅಂದು ಚಷ್ಮಾ ಸರಿಮಾಡಿಕೊಂಡು ಅವಳನ್ನೇ ನೋಡಿದರು. ಹೊರಗೆ ಮಗನ ಮೋಟರ್ ಸೈಕಲ್ ನಿಂತ ಸದ್ದಾಯಿತು. ಅವನು ಅಂಗಳದಿಂದಲೇ ಕೂಗಿದ: "ಏನಾತಪಾ? ಏನಂದ್ರು ಡಾಕ್ಟರು?"

ಕಾಕಾ ಪುಸ್ತಕ ಮುಚ್ಚಿದರು. "ಗಬ್ಬ ಐತಿ," ಎಂದರು, ಎಂದಿನ ಅದೇ ಗತ್ತಿನಲ್ಲಿ.

ನಾನು ಡಾಕ್ಟರ ಮುಖ ನೋಡಿದೆ. ಡಾಕ್ಟರು ಆಕಳ ಮುಖ ನೋಡಿದರು. ಆಮೇಲೆ ಗ್ಲೋವ್ ಕಳಚುತ್ತ, "ಸರ ಹೇಳಿದ ಮ್ಯಾಲ ನಂದೇನೈತ್ರಿ" ಎಂದು ಚಹಾ ಕೂಡ ಕುಡಿಯದೆ ಹೊರಟುಹೋದರು.

ಹತ್ತು ದಿನಕ್ಕೆ ಸರಿಯಾಗಿ ಚಿಗವ್ವನೇ ಬಂದು ಕಾಕಾನನ್ನು ಎಬ್ಬಿಸಿದಳಂತೆ: "ಬರ್ರಿಲ್ಲೆ, ಬೆದಿಗೆ ಬಂದೈತಿ." ಮಗ ಹೊಲಕ್ಕೆ ಹೋದ ಮೇಲೆ ಡಾಕ್ಟರ್ ಬಂದರು. ಕೇಳಿದವರಿಗೆ ಶಕ್ತಿಯ ಇಂಜೆಕ್ಷನ್ ಎಂದು ಹೇಳಿದ್ದಾಯಿತು. ಈ ಸಲ ನಿಜವಾಗಿಯೂ ಗಬ್ಬ ನಿಂತಿತು.

ಆದರೆ ಊರಿನ ಲೆಕ್ಕ ಬೇರೆ ಇತ್ತಲ್ಲ! ಕಾಕಾ ಸಾರಿದ್ದ ಲೆಕ್ಕದಲ್ಲಿ ಒಂಬತ್ತು ತಿಂಗಳು ತುಂಬಿತು, ಕರು ಇಲ್ಲ. ಹತ್ತಾಯಿತು, ಹನ್ನೊಂದಾಯಿತು. ಕಟ್ಟೆಯ ಮೇಲಿನ ಮಂದಿಗೆ ಹಬ್ಬವೋ ಹಬ್ಬ. "ಸರ, ಹನ್ನೆರಡ ತಿಂಗಳಿಗೆ ಈಯೂದು ಕತ್ತೆ. ನೀವು ಕಟ್ಟಿದ್ದು ಏನಂತ ಒಮ್ಮೆ ನೋಡಕೋರಿ!" ಎಂದರು. ಸ್ವಂತ ಮಗನೇ, "ನಮ್ಮಪ್ಪನ ಆಕಳ ಈದ್ರ ಆನಿ ಮರಿ ಹುಟ್ತೈತಿ" ಎಂದು ನಕ್ಕ. ಒಂದು ದಿನದ ಎಣಿಕೆ ತಪ್ಪಿದೆ ಎಂದರೆ ಮೊದಲು ಮೈಮೇಲೆ ಬೀಳುತ್ತಿದ್ದ ಮನುಷ್ಯ ಈಗ ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬೇರೆಯವರು ತಮ್ಮ ಆಕಳು ತೋರಿಸಲು ಬರುವುದನ್ನೇ ನಿಲ್ಲಿಸಿದರು. ನನಗೆ ಬಹಳ ಸಂಕಟವಾಗುತ್ತಿತ್ತು, ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದಿತ್ತು.

ಹನ್ನೆರಡು ತಿಂಗಳಿಗೆ ತಂಗಡಗಿ ಹೆಣ್ಣುಗರು ಹಾಕಿತು. ಗಿಣ್ಣ ತಿನ್ನಲು ಪಡಸಾಲೆಯಲ್ಲಿ ಏಳೆಂಟು ಮಂದಿ ಕೂಡಿದ್ದರು. ಒಬ್ಬರು ಕೆಣಕಿದರು: "ಖರೇನ ಹೇಳ್ರಿ ಸರ, ಈ ಸಲ ಹೆಂಗ ತಪ್ಪಿದ್ರಿ?"

"ತಪ್ಪಿತಪಾ," ಎಂದರು ಕಾಕಾ. "ವಯಸ್ಸಾತು. ಕಣ್ಣ ಮೊದಲಿನಂಗ ಕಾಣೂದಿಲ್ಲ."

ಗಂಡಸರು ಕೂತಲ್ಲಿ ಎಂದೂ ಬಾಯಿ ಹಾಕದ ಚಿಗವ್ವ ಗಿಣ್ಣದ ತಾಟು ಹಿಡಿದು ಹೊರಗೆ ಬಂದಳು. ಅತಿಥಿಗಳನ್ನೆಲ್ಲ ದಾಟಿ, ಮೊದಲ ತಾಟನ್ನು ಗಂಡನ ಮುಂದೆ ಇಟ್ಟು, ಅಲ್ಲಿಯೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅವರ ಕಣ್ಣಿಗೆ ಏನೂ ಆಗಿಲ್ಲ. ಎಲ್ಲಾ ಕಾಣ್ತೈತಿ ಅವರಿಗೆ."