ಅಂಗೇ ಇರಿ ಮೇಷ್ಟ್ರು

ನಮ್ಮ ಸೋದರಮಾವನಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ಚಾಮರಾಜನಗರದ ಅರ್ಧ ಜನ ಇವತ್ತಿಗೂ ನಂಬಿದ್ದಾರೆ. ಉಳಿದರ್ಧ ಜನ ಅವರ ಫೋಟೋದಲ್ಲಿ ಆಕಳಿಸುತ್ತಲೋ, ತಲೆ ಕೆರೆದುಕೊಳ್ಳುತ್ತಲೋ, ಬಸ್ಸಿನ ಹಿಂದೆ ಬಾಯಿ ಬಿಟ್ಟುಕೊಂಡು ಓಡುತ್ತಲೋ ಸಿಕ್ಕಿಬಿದ್ದವರು. ಅವರದು ನಂಬಿಕೆಯ ಪ್ರಶ್ನೆಯಲ್ಲ, ಬರೀ ಸಿಟ್ಟು! ಆ ಎರಡನೆಯ ಗುಂಪಿಗೆ ಸೇರಿದವಳು ನಾನು. ಉಳಿದವರ ಮಾನ ಹೋಗಿದ್ದರೆ ನನ್ನ ಮದುವೆಯ ಮಾತುಕತೆಗೇ ಮಾವನ ಕ್ಯಾಮೆರಾದಿಂದ ಕುತ್ತು ಬಂದಿತ್ತು.

ಮಾವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನಾನು ಗುಂಡ್ಲುಪೇಟೆಯಿಂದ ಬಂದು ಅವರ ಮನೆಯಲ್ಲೇ ಇದ್ದು ಬಿ.ಎ. ಓದುತ್ತಿದ್ದೆ. ಪಾಠ ಮಾಡುವಾಗ ಅವರದು ಪುಸ್ತಕದ ಕನ್ನಡ. ಕ್ಯಾಮೆರಾ ಕೈಗೆ ಬಂತೆಂದರೆ ಹುಟ್ಟೂರು ಚಂದಕವಾಡಿಯ ಕನ್ನಡ. ಕಪ್ಪು ಬಿಳುಪು ರೀಲು ಹಾಕಿಕೊಂಡು ಊರೆಲ್ಲ ಸುತ್ತಿ ಬಂದು, ಭಾನುವಾರ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಫೋಟೋ ತೊಳೆಯಲು ನಿಂತರೆ ಮನೆಯವರ ಸ್ನಾನ ಸೋಮವಾರಕ್ಕೆ.

"ನಿಮ್ ಮಾವ ಊರೋರ್ನೆಲ್ಲ ತೊಳೀತಾವ್ರೆ ಕಣಮ್ಮಿ. ನಮ್ಗೆ ಮಾತ್ರ ನೀರಿಲ್ಲ" ಎಂದು ಅತ್ತೆ ಗೊಣಗುತ್ತಿದ್ದರು.

ನಮ್ಮ ಕಡೆಯ ಜನ ನಿಮಗೆ ಗೊತ್ತಲ್ಲ? ಕ್ಯಾಮೆರಾ ಕಂಡೊಡನೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ, ಅಂಗೈಗೆ ಉಗುಳು ಹಚ್ಚಿ ತಲೆ ಸವರಿಕೊಳ್ಳುತ್ತಾರೆ, ಉಸಿರು ಬಿಗಿಹಿಡಿದು ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತುಬಿಡುತ್ತಾರೆ. ಮಾವನಿಗೆ ಅದು ಆಗದು. ಜನ ಹೇಗಿದ್ದಾರೋ ಹಾಗೆಯೇ ಸಿಗಬೇಕು. ಅದಕ್ಕೇ ದೂರದಿಂದಲೇ "ಅಂಗೇ ಇರಿ! ಅಂಗೇ ಇರಿ!" ಎಂದು ಕೂಗುತ್ತಾ ಓಡಿಬರುತ್ತಿದ್ದರು. ಹೀಗೆ ಕೂಗಿಕೊಂಡು ಬಂದರೆ ಯಾರಾದರೂ ಹಾಗೇ ಇರುತ್ತಾರೆಯೇ? ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯವನೊಬ್ಬ ಮಾತ್ರ ಮೇಷ್ಟ್ರ ಮೇಲಿನ ಗೌರವಕ್ಕೆ ಹಾಗೇ ಇದ್ದ. ಲೋಟಕ್ಕೆ ಟೀ ಹುಯ್ಯುತ್ತಿದ್ದ ಕೈ ಹುಯ್ಯುತ್ತಲೇ ಇತ್ತು. ಲೋಟ ತುಂಬಿ, ಪಕ್ಕದ ಬೋಂಡದ ತಟ್ಟೆಯೂ ತುಂಬಿ, ಗಿರಾಕಿಯ ಪಂಚೆಗೂ ಒಂದಿಷ್ಟು ಟೀ ಸಿಕ್ಕಿತು.

ಕ್ಷೌರದಂಗಡಿಯದು ಇನ್ನೊಂದು ಕಥೆ. ಅರ್ಧ ಮೀಸೆ ತೆಗೆಸಿಕೊಂಡು ಕೂತಿದ್ದವನೊಬ್ಬನಿಗೆ ಮಾವ ಬಾಗಿಲಲ್ಲೇ "ಅಂಗೇ ಇರು" ಎಂದರು. ನೋಡಿದರೆ ರೀಲು ಮುಗಿದಿದೆ! ತರಲು ಅಂಗಡಿಗೆ ಓಡಿದರು. ಅಲ್ಲಿ ಯಾರೋ ಸಿಕ್ಕರು, ಮಾತಿಗೆ ನಿಂತರು. ವಾಪಸು ಬಂದಾಗ ಆತ ಅರ್ಧ ಮೀಸೆಯಲ್ಲೇ ಕೂತಿದ್ದ. "ನೀವೇ ಏಳಿದ್ರಲ್ಲ ಸಾ ಅಂಗೇ ಇರು ಅಂತ. ನನ್ ಬಸ್ಸು ಹೊಂಟೋಯ್ತು" ಎಂದ. ಹಳೆಯ ವಿದ್ಯಾರ್ಥಿಯಂತೆ. ಅಂದಿನಿಂದ ಊರಲ್ಲಿ ಮಾವನ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಯಿತು. ಎಲ್ಲರ ಬಾಯಲ್ಲೂ ಅಂಗೇ ಇರಿ ಮೇಷ್ಟ್ರು!

ಒಮ್ಮೆ ನೆಂಟರ ಮನೆಗೆಂದು ಪುಣಜನೂರಿನ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ರಸ್ತೆಯಲ್ಲಿ ಆನೆ ಅಡ್ಡ ನಿಂತಿತ್ತು, ಜೊತೆಗೆ ಮರಿ. ಬಸ್ಸಿನಲ್ಲಿದ್ದವರೆಲ್ಲ ಮುಂದಕ್ಕೆ ನುಗ್ಗಿದರು. ಮಾವ ಡ್ರೈವರನ ಪಕ್ಕಕ್ಕೆ ಹೋಗಿ, ಆನೆಗೆ ಬೆನ್ನು ಹಾಕಿ, ನಮ್ಮ ಕಡೆ ಕ್ಯಾಮೆರಾ ತಿರುಗಿಸಿದರು!

"ಸಾ, ಆನೆ ಆ ಕಡೆ ಅದೆ ಸಾ!" ಎಂದ ಒಬ್ಬ ಮುದುಕ.

"ಗೊತ್ತು ಕಣಯ್ಯ. ಆನೆಗೆ ಯಾವಾಗ್ಲೂ ಅದೇ ಮೊಕ. ನಿಮ್ ಮೊಕ ಇವತ್ ಮಾತ್ರ ಇಂಗದೆ!"

ಆ ಫೋಟೋದಲ್ಲಿ ಆನೆಯ ಬಾಲವೂ ಇಲ್ಲ. ಒಂದು ಬಸ್ಸಿನಷ್ಟು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ, ಅತ್ತೆಯೂ ಸೇರಿದಂತೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ಮುಂದಿನ ಹಲ್ಲು ತುಸು ಮುಂದೆ. 'ತುಸು' ಎನ್ನುವುದು ನನ್ನ ಮಾತು. ನಮ್ಮವ್ವನ ಪ್ರಕಾರ ಮನೆಯೊಳಗೆ ಮೊದಲು ನನ್ನ ಹಲ್ಲು ಬರುತ್ತಿತ್ತು, ಆಮೇಲೆ ನಾನು. ಡಿಗ್ರಿ ಮುಗಿಯುವ ಹೊತ್ತಿಗೆ ಗಂಡು ಹುಡುಕಲು ಶುರುಮಾಡಿದ ಅವ್ವ ನನ್ನನ್ನು ಗುಂಡ್ಲುಪೇಟೆಯ ಸ್ಟುಡಿಯೋಗೆ ಕರೆದುಕೊಂಡು ಹೋದಳು. ಸ್ಟುಡಿಯೋದವನು ನನ್ನ ತುಟಿ ಮುಚ್ಚಿಸಿ, ಕೈಗೆ ಪ್ಲಾಸ್ಟಿಕ್ ಗುಲಾಬಿ ಕೊಟ್ಟು, ಉಳಿದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿದ. ಫೋಟೋ ಬಹಳ ಚೆನ್ನಾಗಿ ಬಂತು. ಅದರಲ್ಲಿದ್ದವಳು ಯಾರೆಂದು ಮಾತ್ರ ನನಗೆ ಗೊತ್ತಾಗಲಿಲ್ಲ!

ಆ ಫೋಟೋ ನೋಡಿ ಮೊದಲು ಬಂದವರು ಹಂಗಳದವರು. ನಾನು ತಟ್ಟೆ ಹಿಡಿದು ಬಂದು "ಉಪ್ಪಿಟ್ಟು ತಗೊಳ್ಳಿ" ಎಂದು ಬಾಯಿ ತೆರೆದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪಿಟ್ಟು ತಿಂದು "ಊರಿಗೋಗಿ ತಿಳಿಸ್ತೀವಿ" ಎಂದು ಎದ್ದರು. ಹಂಗಳವೇನು ಸಮುದ್ರದ ಆಚೆ ಇದೆಯೇ? ಬಸ್ಸಿನಲ್ಲಿ ಕೂತು ಟಿಕೆಟ್ ತಗೊಳ್ಳುವಷ್ಟರಲ್ಲಿ ಬರುತ್ತದೆ. ಆದರೂ ತಿಳಿಸಲಿಲ್ಲ. ಆಮೇಲೆ ನಂಜನಗೂಡಿನ ಕಡೆಯವರೂ ಹಾಗೇ ಬಂದು ಹಾಗೇ ಹೋದರು. ಉಳಿದ ಉಪ್ಪಿಟ್ಟನ್ನು ನಾವೇ ತಿಂದೆವು.

ಮೂರನೆಯ ಸಂಬಂಧ ಮಾವನ ಕಡೆಯಿಂದಲೇ ಬಂತು. ಕೊಳ್ಳೇಗಾಲದ ಹುಡುಗ, ಸ್ಕೂಲ್ ಮೇಷ್ಟ್ರು. ಅವ್ವ ಸ್ಟುಡಿಯೋದ ಫೋಟೋವನ್ನು ಕವರಿನಲ್ಲಿಟ್ಟು, ಅರಿಶಿನ ಹಚ್ಚಿ, ದೇವರ ಮುಂದಿಟ್ಟು ಕೈಮುಗಿದು ತಮ್ಮನ ಕೈಗೆ ಕೊಟ್ಟಳು. ಮಾವ ಮಾಡಿದ್ದೇನು ಗೊತ್ತೆ? ಕವರಿನಿಂದ ಆ ಫೋಟೋ ಆಚೆ ತೆಗೆದಿಟ್ಟು, ತಾವು ತೆಗೆದದ್ದೊಂದನ್ನು ಹಾಕಿ ಕಳಿಸಿದರು! ಅದರಲ್ಲಿ ನಾನು ಕಾಲೇಜಿನ ಗೇಟಿನ ಮುಂದೆ ಗೆಳತಿಯ ಜೊತೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದೇನೆ. ಅವಳೇನೋ ಅಂದಿದ್ದಾಳೆ, ನಾನು ಕಣ್ಣು ಮುಚ್ಚಿ, ಹಲ್ಲಷ್ಟನ್ನೂ ಬಿಟ್ಟು ನಗುತ್ತಿದ್ದೇನೆ. ಬಾಯೊಳಗಿನ ಮಾವಿನಕಾಯಿಯ ಚೂರೂ ಕಾಣುತ್ತದೆ.

ಕೊಳ್ಳೇಗಾಲದವರು ಬರಲೇ ಇಲ್ಲ. ಹುಡುಗಿ ಬೇಡ ಎಂದು ಫೋಟೋ ವಾಪಸು ಕಳಿಸಿದರು. ಅವ್ವ ಅದನ್ನು ಹಿಡಿದುಕೊಂಡು ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಬಂದಿಳಿದಳು.

"ಯಾನ ಕಣ್ಲಾ ಇದು?"

"ನಮ್ ಉಡ್ಗಿ ಪೋಟ ಕಣಕ್ಕ."

"ಉಡ್ಗಿ ಎಲ್ಲವ್ಳೆ ಇದ್ರಲ್ಲಿ? ಬರೀ ಹಲ್ಲವೆ! ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ. ನೀನು ಒಂದ್ ನಿಜ ಏಳಿ ಮದ್ವೆ ಕೆಡುಸ್ಬುಟ್ಟಲ್ಲಾ!"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಫೋಟೋ ಮೇಜಿನ ಮೇಲೆ ಬಿಸಾಕಿ, ಅತ್ತೆಯ ಹತ್ತಿರ ಅಡುಗೆಮನೆಗೆ ಹೋದಳು. ನನಗೂ ಮೈಯೆಲ್ಲ ಉರಿಯುತ್ತಿತ್ತು. ಇವರ ಹುಚ್ಚಿಗೆ ಟೀ ಅಂಗಡಿ ಆಯಿತು, ಬಸ್ಸಾಯಿತು, ಈಗ ನನ್ನ ಬಾಳೂ ಬೇಕಾಯಿತೇ?

"ಯಾಕೆ ಇಂಗ್ ಮಾಡಿದ್ರಿ ಮಾವ?" ಎಂದೆ.

"ಹಂಗಳದೋರು ಬಂದಿದ್ ದಿನ ನಾನೂ ಅಲ್ಲೇ ಕುಂತಿದ್ದೆ ಕಣಮ್ಮಿ" ಎಂದರು ಮಾವ, ತಲೆ ಎತ್ತದೆ. "ಅವ್ರು ಎದ್ದೋಗೋಗಂಟ ನೀನು ತಟ್ಟೆ ಹಿಡ್ಕಂಡು, ತುಟಿ ಬಿಗಿ ಹಿಡ್ದು ನಿಂತಿದ್ದಲ್ಲ, ಅದು ನನ್ ಕೈಲಿ ನೋಡಕಾಗ್ನಿಲ್ಲ. ಬ್ಯಾಡ ಅನ್ನೋರು ಅವ್ರ ಮನೇಲೇ ಕುಂತು ಪೋಟಕ್ಕೆ ಅಂದ್ಕಳ್ಳಿ. ನಿನ್ ಮುಂದ್ ಕುಂತು ಅನ್ನದ್ ಬ್ಯಾಡ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಕಾಲೇಜಿಗೆ ಹೊರಟುಹೋದರು. ಅವತ್ತು ಭಾನುವಾರ ಎಂಬುದೂ ಅವರಿಗೆ ನೆನಪಿರಲಿಲ್ಲ.

ನಾನು ಮೇಜಿನ ಮೇಲಿದ್ದ ಫೋಟೋ ಹರಿದುಹಾಕಲೆಂದೇ ಕೈಗೆ ತೆಗೆದುಕೊಂಡೆ. ಬುದ್ಧಿ ಬಂದಾಗಿನಿಂದ ಕನ್ನಡಿಯ ಮುಂದೆ ತುಟಿ ಮುಚ್ಚಿಯೇ ನಿಂತವಳು ನಾನು. ನಗುವಾಗ ಹೇಗೆ ಕಾಣುತ್ತೇನೆಂದು ಅದುವರೆಗೆ ನಾನೇ ನೋಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

ಹುಡುಗಿ ಚೆನ್ನಾಗಿದ್ದಳು.